ಪ್ಯಾರಿಸ್ಸಿನಲ್ಲಿ ಎರಡು ರಾತ್ರಿ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಹೌನ್ಸ್ಲೋ, ಹ್ಯಾರೋ, ಕ್ರಾಯ್ಡನ್, ಈಸ್ಟ್ ಹ್ಯಾಮ್ ಮೊದಲಾದ ಕಡೆ ಮನೆ ಮಾಡಿಕೊಂಡು, ಭಾರತದ ಪಾಸ್‌ಪೋರ್ಟನ್ನು ಜೋಪಾನವಾಗಿ ಉಳಿಸಿಕೊಂಡು, ‘ಹಾಫ್ ಟರ್ಮ್ ರಜೆಗೆ ಹಾಗೇ ಪ್ಯಾರಿಸ್, ಬ್ರಸೆಲ್ಸ್ ನೋಡ್ಕೊಂಡು ಬರೋಣ್ವಾ’ ಎಂದು ಸಾರನ್ನ ಕಲಸುವಾಗ ಬಾಯಿತಪ್ಪಿ ಅಂದುಬಿಟ್ಟ ಗೃಹಸ್ಥರಿಗಾಗಿ. ಇನ್ನೂ ಅನ್ನದವರು ಇಲ್ಲಿಗೇ ನಿಲ್ಲಿಸಿ ಊಟ ಮುಂದುವರಿಸಬಹುದು.

ಸರಕಿನ ಪರಿಚಯ

ಸರಕು ನೋಡುವುದಕ್ಕೆ ಸಣ್ಣದು. ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ಯೂರೋಸ್ಟಾರ್ ಹತ್ತಿದರೆ ಬ್ರಸೆಲ್ಸ್ ಸುಮಾರು 2 ಗಂಟೆ, ಪ್ಯಾರಿಸ್ ಅದಕ್ಕಿಂತ ಕಾಲು ಗಂಟೆ ಹೆಚ್ಚು. 1994ರಲ್ಲಿ ತೆರೆದ ಸುರಂಗ 50 ಕಿ.ಮೀ. ಉದ್ದವಿದೆ, ಅದರಲ್ಲಿ 38 ಕಿ.ಮೀ. ಸಮುದ್ರದ ತಳದಡಿ. ರಾಯಚೂರಿನವರು ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಮಂತ್ರಾಲಯಕ್ಕೆ ಹೋಗಿ, ರಾಯರ ದರ್ಶನ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾರಲ್ಲ. ಆಂಧ್ರದ ಗಡಿ ಬಂದದ್ದು ಅಂಗಡಿ ಬೋರ್ಡಿನ ಅಕ್ಷರ ಬದಲಾದಾಗಷ್ಟೇ ಗೊತ್ತಾಗುತ್ತದಲ್ಲ, ನಿಮ್ಮ ಕಲ್ಪನೆಯೂ ಹೆಚ್ಚುಕಡಿಮೆ ಅದೇ.

ಆ ಕಲ್ಪನೆಯನ್ನು ಮಡಚಿ ಒಳಗಿಡಿ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ, ಮೊಸೆಲ್ ನದಿಯ ಮೇಲೆ ನಿಂತ ಹಡಗೊಂದರಲ್ಲಿ ಐದು ದೇಶಗಳು ಕೂತು, ನಮ್ಮ ನಮ್ಮೊಳಗೆ ಗಡಿ ತಪಾಸಣೆ ಬೇಡ ಎಂದು ಸಹಿ ಹಾಕಿದವು. ಬ್ರಿಟನ್ ಯುರೋಪಿನ ಒಕ್ಕೂಟದಲ್ಲಿದ್ದಾಗಲೂ ಗಡಿಯಿಲ್ಲದ ಆ ಬಳಗಕ್ಕೆ ಸೇರಲಿಲ್ಲ. ಹಾಗಾಗಿ ನೀವು ಹೌನ್ಸ್ಲೋದಲ್ಲಿ ಕೌನ್ಸಿಲ್ ಟ್ಯಾಕ್ಸ್ ಕಟ್ಟಿ, ವಾರಕ್ಕೊಮ್ಮೆ ಕಸದ ಡಬ್ಬಿ ಹೊರಗಿಟ್ಟು, ಮಳೆಯ ಬಗ್ಗೆ ಬ್ರಿಟಿಷರಿಗಿಂತ ಹೆಚ್ಚು ಮಾತಾಡಿದರೂ, ಆಚೆಯವರ ಲೆಕ್ಕದಲ್ಲಿ ನೇರ ಚಿಕ್ಕಮಗಳೂರಿನಿಂದ ಇಳಿದವರೇ.

ಬಿಡಿಭಾಗಗಳನ್ನು ಎಣಿಸಿಕೊಳ್ಳುವುದು

ಪಾಸ್‌ಪೋರ್ಟುಗಳನ್ನು ಬೀರುವಿನಿಂದ ತೆಗೆದು ಮೇಜಿನ ಮೇಲೆ ಹರಡಿ. ಮೊದಲು ಇದು ಸುಲಭವಿತ್ತು. ನೀಲಿಯದು ನಮ್ಮದು, ಕಡುಗೆಂಪಿನದು ಅವರದು. 2020ರಲ್ಲಿ ಬ್ರಿಟನ್ ಬಹಳ ಅಭಿಮಾನದಿಂದ ನೀಲಿಗೆ ಮರಳಿದ ಮೇಲೆ ಬೆಳಕಿಗೆ ಹಿಡಿದೇ ನೋಡಬೇಕು. ಸಿಂಹವನ್ನು ಗುರುತಾಗಿಟ್ಟುಕೊಂಡು ಪ್ರಯೋಜನವಿಲ್ಲ, ಎರಡರ ಮೇಲೂ ಇದೆ.

ಒಂದು ಮನೆಯಲ್ಲಿ ಸಾಮಾನ್ಯವಾಗಿ ಸಿಗುವ ಸೆಟ್ ಹೀಗಿರುತ್ತದೆ: ಅಪ್ಪ, ಅಮ್ಮ ಮತ್ತು ಬೆಂಗಳೂರಿನಲ್ಲಿ ಹುಟ್ಟಿ ಬಂದ ಮಗಳು, ಮೂವರೂ ಭಾರತೀಯರು. ಅಪ್ಪ ಅಮ್ಮನಿಗೆ ಕಾಯಂ ವಾಸದ ಅನುಮತಿ ಸಿಕ್ಕ ಮೇಲೆ ಇಲ್ಲೇ ಹುಟ್ಟಿದ ಒಂಬತ್ತು ವರ್ಷದ ಮಗ ಹುಟ್ಟುತ್ತಲೇ ಬ್ರಿಟಿಷ್. ಅವನಿಗೆ ವೀಸಾ ಬೇಡ, ಬ್ಯಾಂಕಿನ ಕಾಗದ ಬೇಡ. ಪ್ಯಾರಿಸ್ ಕೂಡ ಬೇಡ, ವೈಫೈ ಇದ್ದರೆ ಸಾಕು.

‘ರೀ, ಆವಾಗಲೇ ನಾವೂ ಮಾಡಿಸ್ಕೊಂಡಿದ್ರೆ ಆಗ್ತಿರಲಿಲ್ವಾ?’ ಎಂಬ ಪ್ರಶ್ನೆ ಈ ಹಂತದಲ್ಲಿ ಬರುತ್ತದೆ. ಉತ್ತರ ತಯಾರಿರಲಿ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಓಸಿಐ ಕಾರ್ಡಿನವರು ಕೃಷಿಭೂಮಿ ಕೊಳ್ಳುವಂತಿಲ್ಲ. ಸಾಗರದ ಹತ್ತಿರ ಎರಡು ಎಕರೆ ಅಡಿಕೆ ತೋಟ ಮಾಡಬೇಕೆಂದು ನಿಮಗಿದೆ. ತೋಟ ಇನ್ನೂ ಕೊಂಡಿಲ್ಲ, ಕೊಳ್ಳುವ ಲಕ್ಷಣವೂ ಇಲ್ಲ; ಆದರೂ ಆ ಇಲ್ಲದ ತೋಟದ ಬೇಲಿಗೆ ಸಿಕ್ಕಿಕೊಂಡು ಮೂರು ಜನ ವೀಸಾ ಸಾಲಿನಲ್ಲಿ ನಿಲ್ಲುತ್ತೀರಿ.

ಊರಿನಿಂದ ಬಂದಿರುವ ಅತ್ತೆಯವರು ಐದನೆಯ ಬಿಡಿಭಾಗ. ಶೆಂಗೆನ್ ವೀಸಾಕ್ಕೆ ತಾವು ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂಬುದು ಸಾಮಾನ್ಯ ನಿಯಮ. ಮಗಳ ಮನೆಗೆ ಬಂದವರು ಲಂಡನ್ನಿನ ನಿವಾಸಿಯಾಗುವುದಿಲ್ಲವಾದ್ದರಿಂದ ಅವರನ್ನು ಲೆಕ್ಕದಿಂದ ಕೈಬಿಡಿ. ಅವರ ಪಾಸ್‌ಪೋರ್ಟ್ ತೆರೆದು ನೋಡುವ ಅಗತ್ಯವಿಲ್ಲ.

ಜೋಡಿಸುವ ವಿಧಾನ

ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ, ಹದಿನೈದು ದಿನಕ್ಕಿಂತ ತಡವಾಗಿಯೂ ಹಾಕುವಂತಿಲ್ಲ. ಈ ನಡುವೆ ಅಪಾಯಿಂಟ್‌ಮೆಂಟ್ ಹಿಡಿಯಬೇಕು. ಕ್ಯಾಲೆಂಡರ್ ತೆರೆದರೆ ಎಲ್ಲ ತಾರೀಖೂ ಬೂದು ಬಣ್ಣ. ಮಧ್ಯರಾತ್ರಿ ನೋಡಿ ಎನ್ನುವವರಿದ್ದಾರೆ, ಬೆಳಿಗ್ಗೆ ಎಂಟಕ್ಕೆ ಎನ್ನುವವರಿದ್ದಾರೆ. ವಾಟ್ಸ್ಯಾಪಿನ ಕನ್ನಡ ಗುಂಪಿನಲ್ಲಿ ರಾಹುಕಾಲ ಬಿಟ್ಟು ನೋಡಿ ಎಂದ ಹಿರಿಯರೂ ಇದ್ದಾರೆ, ಅವರಿಗೆ ಸಿಕ್ಕಿತ್ತಂತೆ.

ಫ್ರಾನ್ಸಿನದು ಸಿಗದೆ ಬೆಲ್ಜಿಯಮ್ಮಿನದು ಸಿಕ್ಕಿತೆನ್ನಿ. ಮನೆಮಂದಿಗೆಲ್ಲ ಆ ಕ್ಷಣದಿಂದ ಬ್ರಸೆಲ್ಸ್ ಮೇಲೆ ಮೋಹ ಹುಟ್ಟಬೇಕು. ಐಫೆಲ್ ಗೋಪುರ 330 ಮೀಟರ್ ಎತ್ತರವಿದೆ, ಬ್ರಸೆಲ್ಸಿನಲ್ಲಿ ಜಗತ್ತೇ ನೋಡಲು ಬರುವ ಉಚ್ಚೆ ಹೊಯ್ಯುವ ಹುಡುಗನ ಗೊಂಬೆ ಸುಮಾರು 55 ಸೆಂಟಿಮೀಟರ್. ದೊಡ್ಡವರಾಗುವುದಕ್ಕೆ ಎತ್ತರ ಬೇಕಿಲ್ಲ ಎಂದು ಮಕ್ಕಳಿಗೆ ತಿಳಿಹೇಳಿ. ಎರಡು ರಾತ್ರಿ ಪ್ಯಾರಿಸ್, ಒಂದು ರಾತ್ರಿ ಬ್ರಸೆಲ್ಸ್ ಎಂದಿದ್ದನ್ನು ಅದಲು ಬದಲು ಮಾಡಿ, ಹೋಟೆಲನ್ನೂ ಹಾಗೆಯೇ ಬದಲಿಸಿ. ಈ ಕೈಪಿಡಿಯ ಶೀರ್ಷಿಕೆಯನ್ನೂ ತಿದ್ದಿಕೊಳ್ಳಿ.

ಶುಲ್ಕ 2024ರ ಜೂನಿನಿಂದ ತಲೆಗೆ 90 ಯೂರೋ. ಆರರಿಂದ ಹನ್ನೆರಡು ವರ್ಷದೊಳಗಿನವರಿಗೆ ಅರ್ಧ, ಆದರೆ ನಿಮ್ಮ ಮಗಳಿಗೆ ಹದಿನಾಲ್ಕು. ಅದರ ಮೇಲೆ ವೀಸಾ ಕೇಂದ್ರದ ಚಾರ್ಜು, ಕನಿಷ್ಠ 30,000 ಯೂರೋ ಖರ್ಚು ಭರಿಸುವ ಪ್ರಯಾಣ ವಿಮೆ, 35 ಮಿ.ಮೀ. ಅಗಲ 45 ಮಿ.ಮೀ. ಎತ್ತರದ ನಗೆಯಿಲ್ಲದ ಫೋಟೋ. ನಗದಿರುವುದು ಇಷ್ಟು ಹೊತ್ತಿಗೆ ಸಹಜವಾಗಿಯೇ ಬಂದಿರುತ್ತದೆ.

ಕಷ್ಟವಿರುವುದು ಕವರಿಂಗ್ ಲೆಟರಿನ ಒಕ್ಕಣೆಯಲ್ಲಿ. ಅತ್ತೆಯವರನ್ನು ಕರೆಸಿಕೊಳ್ಳುವಾಗ, ಅವರು ಊರಿಗೆ ಮರಳುತ್ತಾರೆಂದು ಬ್ರಿಟನ್ನಿಗೆ ಬರೆದುಕೊಟ್ಟವರು ನೀವೇ. ಈಗ ನೀವು ಹೌನ್ಸ್ಲೋಗೆ ಮರಳುತ್ತೀರೆಂದು ಬೆಲ್ಜಿಯಮ್ಮಿಗೆ ಬರೆದುಕೊಡಬೇಕು. ಹೌನ್ಸ್ಲೋದ ಸೌಂದರ್ಯವನ್ನು ವರ್ಣಿಸಲು ಹೋಗಬೇಡಿ, ನಂಬುವುದಿಲ್ಲ. ಮನೆಸಾಲ ಇನ್ನೂ ಇಪ್ಪತ್ತೆರಡು ವರ್ಷ ಬಾಕಿ ಇದೆಯೆಂಬ ಬ್ಯಾಂಕಿನ ಕಾಗದ ಲಗತ್ತಿಸಿ. ಇಂಥ ಮನುಷ್ಯ ಎಲ್ಲಿಗೂ ಓಡಿಹೋಗಲಾರ ಎಂದು ಯಾವ ಅಧಿಕಾರಿಗಾದರೂ ಮನವರಿಕೆಯಾಗುತ್ತದೆ.

ಬುತ್ತಿಗೆ ಸಂಬಂಧಿಸಿದ ಎಚ್ಚರಿಕೆ

ಯೂರೋಸ್ಟಾರಿನಲ್ಲಿ ಒಬ್ಬೊಬ್ಬ ದೊಡ್ಡವರಿಗೆ ಎರಡು ಪೆಟ್ಟಿಗೆ, ಒಂದು ಕೈಚೀಲ. ತೂಕ ಹಾಕುವವರೇ ಇಲ್ಲ. ವಿಮಾನ ನಿಲ್ದಾಣದ ತಕ್ಕಡಿಯ ಮುಂದೆ ಪೆಟ್ಟಿಗೆ ಬಿಚ್ಚಿ, ಉಪ್ಪಿನಕಾಯಿ ಭರಣಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದ ಜನಾಂಗಕ್ಕೆ ಇದು ದೊಡ್ಡ ಪ್ರಲೋಭನೆ. ದಯವಿಟ್ಟು ಮುಂದಿನ ಸಾಲುಗಳನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿ.

ಬ್ರೆಕ್ಸಿಟ್ಟಿನ ನಂತರ, ಬ್ರಿಟನ್ನಿನಿಂದ ಹೋಗುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಅಂದರೆ ಮೊಸರನ್ನ ನಿಷಿದ್ಧ. ಪಯಣದಲ್ಲಿ ಹೊಟ್ಟೆಗೆ ತಂಪೆಂದು ಅಜ್ಜಿಯರ ಕಾಲದಿಂದ ಕಟ್ಟಿಕೊಂಡು ಬಂದದ್ದು ಈಗ ಕಳ್ಳಸಾಗಣೆಯ ಮಾಲು. ಪುಳಿಯೋಗರೆ, ಚಿತ್ರಾನ್ನ ನಿಶ್ಚಿಂತೆಯಿಂದ ಒಯ್ಯಿರಿ. ಹಸಿ ಕರಿಬೇವಿನ ಕಂತೆಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಆದ್ದರಿಂದ ಅದನ್ನು ಒಗ್ಗರಣೆಯಲ್ಲಿ ಚೆನ್ನಾಗಿ ಬಾಡಿಸಿಯೇ ಗಡಿ ದಾಟಿಸಿ. ತುಪ್ಪ ಸುರಿವ ಮೈಸೂರುಪಾಕು ಸಿಹಿತಿಂಡಿಯೋ ಹಾಲಿನ ಪದಾರ್ಥವೋ ಎಂಬ ಚರ್ಚೆಯನ್ನು ಅಧಿಕಾರಿಗಳ ಜೊತೆ ಎತ್ತಿಕೊಳ್ಳಬೇಡಿ, ಮನೆಯಲ್ಲೇ ತಿಂದು ಮುಗಿಸಿ.

ಇನ್ನೊಂದು ಮಾತು ಅತ್ತೆಯವರಿಗೆ ಸಮಾಧಾನ ತರಬಹುದು. ಪ್ರಮಾಣಪತ್ರವಿಲ್ಲದೆ ಬಿಡುವ ಹಣ್ಣುಗಳು ಐದೇ: ಅನಾನಸ್, ಖರ್ಜೂರ, ಡೂರಿಯನ್, ಬಾಳೆಹಣ್ಣು ಮತ್ತು ತೆಂಗಿನಕಾಯಿ. ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ ಯುರೋಪು ಹಣ್ಣುಕಾಯಿಗೆ ಮಾತ್ರ ಅಡ್ಡಿಮಾಡಿಲ್ಲ. ಪ್ಯಾರಿಸ್ಸಿನ ಗಾರ್ ದು ನೋರ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಲಾ ಶಾಪೆಲ್ ಬಡಾವಣೆಯಲ್ಲಿ, 1985ರಲ್ಲಿ ಶುರುವಾದ ಮಾಣಿಕ್ಕ ವಿನಾಯಕನ ದೇವಸ್ಥಾನವಿದೆ. ಸುತ್ತಮುತ್ತ ಶ್ರೀಲಂಕಾ ತಮಿಳರ ಅಂಗಡಿಗಳು, ದೋಸೆ ಹೋಟೆಲುಗಳು. ತಿಂಗಳುಗಟ್ಟಲೆ ಒದ್ದಾಡಿ ಪ್ಯಾರಿಸ್ ತಲುಪಿದ ಕನ್ನಡ ಕುಟುಂಬ ಮೊದಲ ಮಧ್ಯಾಹ್ನ ಇಡ್ಲಿ ವಡೆ ತಿನ್ನುವುದು ಇಲ್ಲೇ. ಯಾರೂ ನಾಚಿಕೊಳ್ಳಬೇಕಿಲ್ಲ.

ವಾಪಸು ಬರುವಾಗ ಚೀಸ್ ತರಬೇಡಿ. 2025ರ ಏಪ್ರಿಲ್ 12ರಿಂದ ಬ್ರಿಟನ್ ಕೂಡ ಸೇಡು ತೀರಿಸಿಕೊಂಡವರ ಹಾಗೆ ಆ ಕಡೆಯ ಹಾಲು, ಮಾಂಸವನ್ನು ತಡೆದಿದೆ. ಕಾರಣ ಕಾಲುಬಾಯಿ ಜ್ವರ.

ಚಾಲನೆ

ಫ್ರಾನ್ಸಿನ ಪೊಲೀಸರು ಸೇಂಟ್ ಪ್ಯಾಂಕ್ರಾಸಿನಲ್ಲೇ ಕೂತಿರುತ್ತಾರೆ, ಆದ್ದರಿಂದ ರೈಲು ಹತ್ತುವ ಮೊದಲೇ ಗಡಿ ದಾಟುತ್ತೀರಿ. ಇಲ್ಲಿ ಕುಟುಂಬ ಮತ್ತೆ ಎರಡಾಗುತ್ತದೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ವ್ಯವಸ್ಥೆಯಲ್ಲಿ, ವೀಸಾ ಬೇಡದ ಬ್ರಿಟಿಷರು ಮುಖದ ಚಿತ್ರದ ಜೊತೆ ಬೆರಳಚ್ಚನ್ನೂ ಕೊಡಬೇಕು. ನಿಮ್ಮ ಬೆರಳಚ್ಚು ವೀಸಾ ಜೊತೆಗೇ ಅವರ ಬಳಿ ಇದೆ. ಬ್ರಿಟಿಷ್ ಗೆಳೆಯರು ಯಂತ್ರದ ಮುಂದೆ ಬೆರಳು ಒರೆಸಿಕೊಳ್ಳುವುದನ್ನು ನೋಡುವ ಸುಖಕ್ಕೆ ಬೇರೆ ಬೆಲೆಯಿಲ್ಲ. ನಿಮ್ಮ ಮಗನಿಗೆ ಅದೂ ತಪ್ಪಿತು, ಹನ್ನೆರಡರ ಒಳಗಿನವರಿಗೆ ವಿನಾಯಿತಿ.

ದೋಷ ನಿವಾರಣೆ

ರಜೆ ಬಂದರೂ ವೀಸಾ ಬರದಿದ್ದರೆ: ಸಾಮಾನ್ಯ ಅವಧಿ ಹದಿನೈದು ದಿನ, ನಲವತ್ತೈದರವರೆಗೂ ಎಳೆಯಬಹುದು. ರಜೆ ಮುಗಿದ ಮೇಲೆ ಶಾಲೆ ತಪ್ಪಿಸಿ ಹೋಗುವ ಯೋಚನೆ ಬೇಡ. ಇಂಗ್ಲೆಂಡಿನಲ್ಲಿ ಐದು ದಿನದ ಗೈರುಹಾಜರಿಗೆ ಮಗುವೊಂದಕ್ಕೆ ತಂದೆಗೆ 80 ಪೌಂಡ್, ತಾಯಿಗೆ ಬೇರೆ 80 ಪೌಂಡ್ ದಂಡ ಬೀಳಬಹುದು. ಮೂರು ವಾರದಲ್ಲಿ ಕಟ್ಟದಿದ್ದರೆ ದುಪ್ಪಟ್ಟು.

ಈಗ ಅತ್ತೆಯವರ ಪಾಸ್‌ಪೋರ್ಟ್ ತೆರೆದು ನೋಡಿ. 2024ರ ಏಪ್ರಿಲಿನಲ್ಲಿ ಯುರೋಪಿನ ಒಕ್ಕೂಟ ಭಾರತೀಯರಿಗೆ ಒಂದು ಸೌಲಭ್ಯ ಕೊಟ್ಟಿತು: ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಎಷ್ಟು ಸಲ ಬೇಕಾದರೂ ಹೋಗಿಬರುವ ವೀಸಾ, ಆಮೇಲೆ ಐದು ವರ್ಷದ್ದು. ಷರತ್ತು ಒಂದೇ, ಅರ್ಜಿದಾರರು ಭಾರತದಲ್ಲಿ ವಾಸವಿರಬೇಕು. ಲಂಡನ್ನಿನ ಭಾರತೀಯರಿಗೆ ಇದು ಅನ್ವಯಿಸುವುದಿಲ್ಲ. ತುಮಕೂರಿನ ಟೂರಿನವರ ಜೊತೆ ಎರಡು ಸಲ ಸ್ವಿಟ್ಜರ್ಲೆಂಡಿನ ಹಿಮ ನೋಡಿ ಬಂದ ಅತ್ತೆಯವರಿಗೆ ಅನ್ವಯಿಸುತ್ತದೆ. ಅವರು ಹೊರಡುವ ಮುಂಚೆ ಬೆಂಗಳೂರಿನಲ್ಲೇ ಮಾಡಿಸಿಕೊಂಡು ಬಂದಿದ್ದಾರೆ. ಹೇಳಲಿಲ್ಲವೇಕೆ ಎಂದರೆ, ‘ನೀವ್ಯಾರೂ ಕೇಳ್ಲಿಲ್ವಲ್ಲಪ್ಪ.’

ಅಜ್ಜಿ, ಮೊಮ್ಮಗ ಇಬ್ಬರೇ ಹೊರಡುವುದಾದರೆ ಅಪ್ಪ ಅಮ್ಮ ಸಹಿ ಮಾಡಿದ ಒಪ್ಪಿಗೆ ಪತ್ರ ಜೊತೆಗಿರಲಿ. ಅದಕ್ಕೆ ನಿಮ್ಮಿಬ್ಬರ ಪಾಸ್‌ಪೋರ್ಟಿನ ಪ್ರತಿ ಲಗತ್ತಿಸುವುದು ಒಳ್ಳೆಯದು. ಅಸಲು ವೀಸಾ ಕೇಂದ್ರದಲ್ಲಿ ಕೂತಿರುವುದರಿಂದ ಜೆರಾಕ್ಸನ್ನು ಮೊದಲೇ ತೆಗೆದಿಟ್ಟುಕೊಳ್ಳತಕ್ಕದ್ದು.