ಲಿಂಕ್‌ಪ್ರೇಷಣ ಮೀಮಾಂಸೆ

ಅಥಾತೋ ಲಿಂಕ್ ಜಿಜ್ಞಾಸಾ. ರಸೀದಿ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂಗಡಿಬೀದಿ ಸುತ್ತುವ ಚಂದಾಯುಗ ಮುಗಿದು, ಕೂತಲ್ಲಿಂದಲೇ ನೆಂಟರ ನೆಮ್ಮದಿ ಕೆಡಿಸುವ ಯುಗ ಆರಂಭವಾಗಿರುವುದರಿಂದ ಈ ಶಾಸ್ತ್ರ ಅಗತ್ಯವಾಯಿತು. ಇದನ್ನು ಓದುವ ಅಧಿಕಾರ ಇರುವುದು ಸಣ್ಣ ಸಂಘದ ಕಾರ್ಯದರ್ಶಿಗೆ ಮಾತ್ರ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘವೊಂದಕ್ಕೆ ಕನಿಷ್ಠ ಏಳು ಜನ ಬೇಕು. ಅವರಲ್ಲಿ ಒಬ್ಬರು ಕೆಲಸ ಮಾಡುತ್ತಾರೆ, ಒಬ್ಬರು ಲೆಕ್ಕ ಬರೆಯುತ್ತಾರೆ, ಮಿಕ್ಕ ಐವರು ವಾರ್ಷಿಕ ಸಭೆಗೆ ಬಂದು ಉಪ್ಪಿಟ್ಟು ತಿಂದು ಸಹಿ ಹಾಕುತ್ತಾರೆ. ನಾವು ಅಧ್ಯಯನಕ್ಕೆತ್ತಿಕೊಂಡ ಮಾದರಿ ಸಂಘ ಸಂಜೆ ಹೊತ್ತು ಬಡಾವಣೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತದೆ. ಯಾವ ಸಂಘಕ್ಕೆ ಹೆಚ್ಚು ದಾನಿಗಳೆಂದು ತಲೆ ಎಣಿಸುವ ಆನ್‌ಲೈನ್ ಸ್ಪರ್ಧೆ ನಡೆಯುವ ವಾರ ಮಾತ್ರ ಹೇಳಿಕೊಡುವುದಿಲ್ಲ. ಕಾರ್ಯದರ್ಶಿ ಮೇಡಂ ದೇಣಿಗೆಯ ಲಿಂಕ್ ಕಳಿಸುತ್ತಿರುತ್ತಾರೆ.

ಶಾಸ್ತ್ರದ ಪೂರ್ವಾಚಾರ್ಯರು ಬಹುಪಾಲು ಅಮೆರಿಕದವರು. 2007ರ ಕೊನೆಗೆ ಕೇಸ್ ಫೌಂಡೇಶನ್ ಹೂಡಿದ ‘ಅಮೆರಿಕಾಸ್ ಗಿವಿಂಗ್ ಚಾಲೆಂಜ್’ ಎಷ್ಟು ಹಣ ಬಂತೆಂದು ಕೇಳಲಿಲ್ಲ, ಎಷ್ಟು ತಲೆ ಕೊಟ್ಟವೆಂದು ಎಣಿಸಿತು. 2009ರಲ್ಲಿ ಚೇಸ್ ಬ್ಯಾಂಕು ಫೇಸ್‌ಬುಕ್ಕಿನಲ್ಲಿ 50 ಲಕ್ಷ ಡಾಲರ್ ಇಟ್ಟು, ನೀವು ಕೊಡುವುದೂ ಬೇಡ, ಓಟು ಹಾಕಿದರೆ ಸಾಕೆಂದಿತು. ಮರು ಜನವರಿಯಲ್ಲಿ 10 ಲಕ್ಷ ಡಾಲರಿನ ಮೊದಲ ಬಹುಮಾನ ‘ಇನ್‌ವಿಸಿಬಲ್ ಚಿಲ್ಡ್ರನ್’ ಸಂಸ್ಥೆಗೆ ಹೋಯಿತು. 2010ರಲ್ಲಿ ಪೆಪ್ಸಿ ಸೂಪರ್ ಬೌಲ್ ಜಾಹೀರಾತನ್ನೇ ಬಿಟ್ಟು 2 ಕೋಟಿ ಡಾಲರಿನ ‘ರಿಫ್ರೆಶ್ ಪ್ರಾಜೆಕ್ಟ್’ ತೆರೆಯಿತು. ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಓಟುಗಳನ್ನು ಹೊಂದಿಸಿಕೊಡುವವರೂ ಹುಟ್ಟಿಕೊಂಡಿದ್ದಾರೆಂಬ ದೂರು ಬಂತು. ಗ್ರಾಮ ಪಂಚಾಯಿತಿ ಚುನಾವಣೆ ಕಂಡ ಓದುಗರಿಗೆ ಈ ಕೊನೆಯ ಸಂಶೋಧನೆಯನ್ನು ವಿವರಿಸಿ ಪುಟ ದಂಡ ಮಾಡುವುದಿಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: “ದಾನದಲ್ಲಿ ದೊಡ್ಡವರು ಗೆಲ್ಲುವುದು ನ್ಯಾಯವಲ್ಲವೆ? ಅತ್ತಿಮಬ್ಬೆ ಸ್ಪರ್ಧೆಗಿಳಿದಿದ್ದರೆ?” ಪರೀಕ್ಷಿಸೋಣ. ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ, ದಾನಚಿಂತಾಮಣಿ ಎಂದೇ ಹೆಸರಾದ ಆ ಮಹಾತಾಯಿ ತನ್ನದೆಲ್ಲವನ್ನೂ ಒಂದೇ ಸಲಕ್ಕೆ ಸುರಿದರೂ ಲೀಡರ್‌ಬೋರ್ಡಿನಲ್ಲಿ ಮೂಡುವುದು ‘ದಾನಿಗಳು: 1’. ನಲವತ್ತು ಜನ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಿಂದ ತಲಾ ಹತ್ತು ರೂಪಾಯಿ ಎತ್ತಿದ ಸಂಘ ಆಕೆಯನ್ನು ಮೂವತ್ತೊಂಬತ್ತು ಅಂಕಗಳಿಂದ ಸೋಲಿಸುತ್ತದೆ. ಆದ್ದರಿಂದ ಸ್ಪರ್ಧೆ ಅಳೆಯುವುದು ಕೊಡುವವರ ಔದಾರ್ಯವನ್ನಲ್ಲ, ಮಕ್ಕಳ ಕಲಿಕೆಯನ್ನಂತೂ ಮೊದಲೇ ಅಲ್ಲ. ಕಾರ್ಯದರ್ಶಿಯ ಅಜ್ಜಿ ಎಷ್ಟು ಹೆತ್ತಿದ್ದರು ಎಂಬುದನ್ನು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಪಾಲಿಸಿದ ಮನೆತನದವರು ಸಮಾಜಸೇವೆಗೆ ಇಳಿಯಬಾರದೆಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಕಾಲನಿರ್ಣಯ. ಗಿವಿಂಗ್ ಟ್ಯೂಸ್‌ಡೇ ಎಂಬ ದಾನಪರ್ವ 2012ರಲ್ಲಿ ನ್ಯೂಯಾರ್ಕಿನ 92ನೇ ಬೀದಿಯ ಒಂದು ಸಾಂಸ್ಕೃತಿಕ ಕೇಂದ್ರದಲ್ಲಿ, ವಿಶ್ವಸಂಸ್ಥೆಯ ಫೌಂಡೇಶನ್ನಿನ ಸಹಕಾರದೊಂದಿಗೆ ಹುಟ್ಟಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಮಂಗಳವಾರ ಅದರ ದಿನ. ಮಂಗಳವಾರ ಮನೆಯ ದುಡ್ಡು ಆಚೆ ಕೊಡಬಾರದೆಂಬ ವಿಷಯ ಆ 92ನೇ ಬೀದಿಯಲ್ಲಿ ಯಾರಿಗೂ ಗೊತ್ತಿದ್ದಂತಿಲ್ಲ. ಹೊಸ್ತಿಲು ದಾಟಿ ಹೋಗುವ ಹಣಕ್ಕೆ ಮಾತ್ರ ದೋಷ, ಯುಪಿಐ ಹಣ ಹೊಸ್ತಿಲು ದಾಟದೆ ಗೋಡೆ ತೂರಿ ಹೋಗುತ್ತದೆ ಎಂದು ನವ್ಯ ಪಂಥದವರು ವಾದಿಸುತ್ತಾರೆ. ಖಜಾಂಚಿಯವರ ತಾಯಿ ಇದನ್ನು ಒಪ್ಪಿಲ್ಲ. ಅವರನ್ನು ಒಪ್ಪಿಸಿದ ಸಿದ್ಧಾಂತ ಬೇರೆಯೇ: ಆ ಋತುವಿನಲ್ಲಿ ನಾವು ನ್ಯೂಯಾರ್ಕಿಗಿಂತ ಹತ್ತೂವರೆ ಗಂಟೆ ಮುಂದೆ. ನಮ್ಮ ಬುಧವಾರ ಬೆಳಿಗ್ಗೆ 10.30ರವರೆಗೂ ಅಲ್ಲಿ ಮಂಗಳವಾರವೇ. ಬುಧವಾರ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ತಿಂಡಿ ಮುಗಿಸಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಎರಡೂ ಶಾಸ್ತ್ರ ಉಳಿಯುತ್ತವೆ.

ಪ್ರತ್ಯುತ್ತರ ಪ್ರಕರಣ ವಿಸ್ತಾರವಾದದ್ದು. ನೀಲಿ ಟಿಕ್ ಬಿದ್ದೂ ಮೌನವಾಗಿರುವವರು ಜ್ಞಾನಮಾರ್ಗಿಗಳು. ಕೈಮುಗಿದ ಇಮೋಜಿ ಕಳಿಸುವವರು ಭಕ್ತಿಮಾರ್ಗಿಗಳು. ಕರ್ಮಮಾರ್ಗಿಗಳು “ಸಂಜೆ ಹಾಕ್ತೀನಿ” ಎನ್ನುತ್ತಾರೆ. ಯಾವ ಸಂಜೆ ಎಂಬುದು ಪ್ರಾರಬ್ಧಕ್ಕೆ ಬಿಟ್ಟದ್ದು. ಆದರೆ ಯಾವ ಮಾರ್ಗಕ್ಕೂ ಸೇರದ ಚಿಕ್ಕಪ್ಪ ಒಬ್ಬರಿರುತ್ತಾರೆ. ಅವರಿಗೆ ಮೇಡಂ ಫೋನನ್ನೇ ಮಾಡಬೇಕು. ಅವರು ಎತ್ತುವುದರೊಳಗೆ ಸೈಬರ್ ವಂಚಕರಿದ್ದಾರೆ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂಬ ಸರ್ಕಾರಿ ಎಚ್ಚರಿಕೆ ಮೊಳಗುತ್ತಿದ್ದ 2025ರ ದಿನಗಳಲ್ಲಂತೂ ಸ್ವತಃ ಮೇಡಂ ಮನಸ್ಸೇ ಒಂದು ಕ್ಷಣ ಅಳುಕುತ್ತಿತ್ತು.

“ಚಿಕ್ಕಪ್ಪ, ಲಿಂಕ್ ಕಳ್ಸಿದ್ದೆ.”

“ನೋಡ್ದೆ ಕಣಮ್ಮ. ನಿನ್ನ ಫೋನ್ ಯಾರೋ ಹ್ಯಾಕ್ ಮಾಡಿ ದುಡ್ಡು ಕೇಳ್ತಿದಾರೆ. ಯಾರೂ ಒತ್ಬೇಡಿ ಅಂತ ಫ್ಯಾಮಿಲಿ ಗ್ರೂಪಲ್ಲಿ ಹಾಕ್ಬಿಟ್ಟಿದೀನಿ.”

ಹೀಗೆ ಒಂದು ಫಾರ್ವರ್ಡಿನಿಂದ ಒಂದು ಗೋತ್ರವೇ ಕೈತಪ್ಪುತ್ತದೆ.

ತಪ್ಪದೆ ಉಳಿದವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಎಂಬ ಬೆಲ್ಲವನ್ನು ತೋರಿಸುವುದು ಸಂಪ್ರದಾಯ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ಬೆಲ್ಲ ಸಿಗುವುದಿಲ್ಲ. ಹಳೆಯದರಲ್ಲೇ ಉಳಿದವರು ರಸೀದಿಗಾಗಿ ಪ್ಯಾನ್ ಸಂಖ್ಯೆ ಕೊಡಬೇಕು. ನೂರೊಂದು ರೂಪಾಯಿಗೆ ಪ್ಯಾನ್ ಕೇಳಿದ ಕಾರ್ಯದರ್ಶಿಯನ್ನು ಸೋದರಮಾವ ಮುಂದಿನ ಮದುವೆಯಲ್ಲಿ ನೋಡುವ ನೋಟವೇ ಬೇರೆ. ಕೊನೆಯ ಆಸರೆ ನ್ಯೂಜೆರ್ಸಿಯ ಅಳಿಯ. ಆತ ಇನ್ನೂ ಭಾರತದ ಪ್ರಜೆಯಾಗಿದ್ದು ತನ್ನ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ಸ್ವದೇಶಿ. ಅಮೆರಿಕದ ಪ್ರಜೆಯಾಗಿಬಿಟ್ಟಿದ್ದರೆ ಅದೇ ಅಳಿಯನ ಅದೇ ಹಣ ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ ಅನುಮತಿ ಬೇಕು, 2020ರ ತಿದ್ದುಪಡಿಯಂತೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಎರಡು ದೇಶಗಳ ಪಾಸ್‌ಪೋರ್ಟೂ ಕಡುನೀಲಿಯೇ ಆದ್ದರಿಂದ ದೂರದಿಂದ ನೋಡಿ ಹೇಳುವಂತಿಲ್ಲ. “ಅಳಿಯಂದ್ರೇ, ನೀವೀಗ ಯಾವ ದೇಶ?” ಎಂದು ಬಾಯಿಬಿಟ್ಟೇ ಕೇಳಬೇಕು. ಈ ಪ್ರಶ್ನೆಗೆ ಮಗಳು ಫೋನ್ ಕಿತ್ತುಕೊಂಡು ಉತ್ತರ ಕೊಡುವುದುಂಟು.

ಇಷ್ಟಾದ ಮೇಲೂ ಪಟ್ಟಿಯಲ್ಲಿ ದಾನಿಗಳ ಹೆಸರು ಕಾಣುತ್ತದಲ್ಲ, ಅವರು ಯಾರು? ಪಟ್ಟಿಯನ್ನು ಸೂಕ್ಷ್ಮವಾಗಿ ಓದಿದವರಿಗೆ ಗುಟ್ಟು ಬಿಡುತ್ತದೆ. ನೆಂಟರನ್ನು ಬಿಟ್ಟರೆ ಮಿಕ್ಕವರೆಲ್ಲ ಬೇರೆ ಸಣ್ಣ ಸಂಘಗಳ ಕಾರ್ಯದರ್ಶಿಗಳು. ಅಂಗವಿಕಲರ ಸಂಘದವರು ಸಂಜೆ ಪಾಠಶಾಲೆಗೆ ನೂರು ಹಾಕಿದ್ದಾರೆ. ಪಾಠಶಾಲೆಯವರು ಬೀದಿನಾಯಿಗಳ ಸಂಘಕ್ಕೆ ಹಾಕಿದ್ದಾರೆ. ನಾಯಿಯವರು ಕೆರೆ ಹೂಳೆತ್ತುವವರಿಗೆ. ಇದು ಶುದ್ಧ ಮುಯ್ಯಿ. ಮದುವೆಮನೆಯ ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ಓದಿಸಿದರೆಂದು ಬರೆದಿಟ್ಟು ಅವರ ಮನೆಯ ಕಾರ್ಯಕ್ಕೆ ತಿರುಗಿ ಓದಿಸುವ ನಮ್ಮ ಪದ್ಧತಿಯನ್ನೇ ಕ್ಯಾಲಿಫೋರ್ನಿಯಾದ ಸರ್ವರುಗಳು ಈಗ ನಡೆಸಿಕೊಡುತ್ತಿವೆ. ವ್ಯತ್ಯಾಸ ಒಂದೇ. ಮದುವೆಮನೆಯಲ್ಲಿ ನೋಟ್‌ಬುಕ್ ಹಿಡಿದು ಕೂತ ಭಾವ ಕಮಿಷನ್ ತೆಗೆದುಕೊಳ್ಳುತ್ತಿರಲಿಲ್ಲ.

ಗಣಿತ ಸರಳ. ಸಲಕ್ಕೆ ಶೇಕಡ 3ರಂತೆ ಶುಲ್ಕ ಕಡಿತವೆಂದು ಹಿಡಿದರೆ, ಅಂಗವಿಕಲರ ಸಂಘದಿಂದ ಹೊರಟ ನೂರು ರೂಪಾಯಿ ಮೊದಲ ಕೈಗೆ 97, ಎರಡನೆಯ ಕೈಗೆ 94 ರೂಪಾಯಿ 9 ಪೈಸೆ. ಹೀಗೇ ಕೈಯಿಂದ ಕೈಗೆ ಸಾಗಿ ಇಪ್ಪತ್ಮೂರನೆಯ ಸಂಘ ತಲುಪುವಾಗ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತದೆ. ಆದರೆ ಇಪ್ಪತ್ಮೂರು ಸಂಘಗಳ ಲೀಡರ್‌ಬೋರ್ಡಿನಲ್ಲೂ ಒಬ್ಬೊಬ್ಬ ದಾನಿ ಹೆಚ್ಚಾಗಿರುತ್ತಾನೆ, ಇಪ್ಪತ್ಮೂರು ವಾರ್ಷಿಕ ವರದಿಗಳಲ್ಲಿ ಆದಾಯ ಏರಿರುತ್ತದೆ. ಆ ಇಪ್ಪತ್ಮೂರನೆಯ ಸಂಘ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಅದರ ಕಾರ್ಯದರ್ಶಿಯವರ ಮೆಸೇಜ್ ಮಾತ್ರ ಬಂದು ಬಿದ್ದಿದೆ: ಇವತ್ತು ರಾತ್ರಿ ಹನ್ನೆರಡರೊಳಗೆ, ಎಷ್ಟಾದರೂ ಸರಿ, ನಿಮ್ಮ ಮನೆಯವರ ಫೋನಿನಿಂದಲೂ ಒಂದು.