ಬರೋಬ್ಬರಿ ನಲವತ್ತೈದು

ಕಬ್ಬಿನ ಹಂಗಾಮಿನಲ್ಲಿ ನಮ್ಮ ಭೂಸನೂರಿನ ರಸ್ತೆ ಮೇಲೆ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಮೊದಲು ಬರುವವನು ಮೆಕ್ಯಾನಿಕ್ ಅಲ್ಲ, ಬೆಲ್ಟ್ ಕಾಕಾ. ಯಾರೂ ಕರೆದಿರುವುದಿಲ್ಲ. ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಗಾಡಿಗಳ ಸಾಲಿನಲ್ಲಿ ಎಲ್ಲೋ ಒಂದು ಎಂಜಿನ್ ದನಿ ಬದಲಿಸಿದರೆ ಸಾಕು, ಕಟ್ಟೆಯ ಮೇಲಿಂದ ಎದ್ದು ಟವೆಲ್ ಕೊಡವಿ ಹೊರಟೇಬಿಡುತ್ತಾನೆ.

ಕಾಕಾನಿಗೆ ಸ್ವಂತ ಎಂಜಿನ್ ಎಂದೂ ಇರಲಿಲ್ಲ. ಐದೆಕರೆ ತೊಗರಿ ಹೊಲ, ಎರಡೆತ್ತು, ಒಂದು ಸೈಕಲ್ಲು, ಇಷ್ಟೇ ಆಸ್ತಿ. ಆದರೆ ಊರಿನ ಯಾವ ಗಿರಣಿಗೆ, ಯಾವ ರಾಶಿ ಮಷಿನ್ನಿಗೆ, ಯಾವ ಕಬ್ಬಿನ ಹಾಲಿನ ಗಾಡಿಗೆ ಎಂಥ ಬೆಲ್ಟು ಬೇಕೆಂಬುದು ಅವನ ನಾಲಿಗೆ ತುದಿಯಲ್ಲಿದೆ. ಯಾರ ಮಗಳನ್ನು ಯಾವೂರಿಗೆ ಕೊಟ್ಟಿದ್ದಾರೆಂಬುದು ಹಿರಿಯರಿಗೆ ನೆನಪಿರುವ ಹಾಗೆ. ಬೇರೆಯವರ ಪಡಸಾಲೆಯಲ್ಲಿ ಅಜ್ಜ ಮುತ್ತಜ್ಜರ ಫೋಟೋ ಇದ್ದರೆ ಇವನ ಪಡಸಾಲೆಯ ಗೂಟಗಳಲ್ಲಿ ಹರಿದ ಬೆಲ್ಟುಗಳು. ಹೋದವರಿಗೆಲ್ಲ ಒಂದೊಂದನ್ನೂ ತೋರಿಸುತ್ತಾನೆ. “ಇದು ನೋಡು ತಮ್ಮಾ, ಹಳೇ ಗಿರಣಿದು. ಹನ್ನೊಂದು ವರ್ಷ ಬಾಳ್ತು. ಉಗಾದಿ ದಿವಸ ಹೋತು.” ಆ ದನಿ ಕೇಳಿದರೆ ಚಹಾ ಕುಡಿಯುವುದಕ್ಕೂ ಸಂಕೋಚವಾಗುತ್ತದೆ. ಕಾಕಿಗೆ ಈ ಭಕ್ತಿಯಿಲ್ಲ. ಒಂದೆರಡನ್ನು ಇಳಿಸಿ ಬಾಗಿಲ ಬಿಜಾಗರಿಗೆ ಕತ್ತರಿಸಿ ಬಡಿದಿದ್ದಾಳೆ.

ನಮ್ಮ ಮನೆಯದು ಹಳೇ ಐಷರ್. 1959ರಿಂದ ಫರೀದಾಬಾದಿನಲ್ಲಿ ತಯಾರಾಗತೊಡಗಿದ ವಂಶ, ಮೂಲ ಬೇರು ಜರ್ಮನಿಯದು. ಒಂದೇ ಸಿಲಿಂಡರ್, ಏರ್‌ಕೂಲ್. ರೇಡಿಯೇಟರೂ ಇಲ್ಲ, ನೀರೂ ಬೇಡ. ಸಿಲಿಂಡರಿನ ಮೈತುಂಬ ಪದರು ಪದರಾಗಿ ರೆಕ್ಕೆಗಳು, ಅವುಗಳ ಮೇಲೆ ಗಾಳಿ ಊದುವ ಬ್ಲೋವರ್, ಅದನ್ನು ತಿರುಗಿಸಲು ಬೆಲ್ಟು. ನಮ್ಮಂಥ ಬರದ ನಾಡಿಗೆ ಹೇಳಿ ಮಾಡಿಸಿದ್ದು. ಒಂದೇ ಐಬು: ನೀರಿನ ಎಂಜಿನ್ ಕಾಯ್ದರೆ ಉಗಿ ಬಿಟ್ಟು ಊರಿಗೆಲ್ಲ ಹೇಳುತ್ತದೆ, ಇದು ಅಭಿಮಾನಿ. ಬೆಲ್ಟು ಹರಿದರೂ ಹೊಯ್ಕೊಳ್ಳುವುದಿಲ್ಲ, ಒಳಗೊಳಗೇ ಕುದಿದು ಪಿಸ್ಟನ್ ಹಿಡಿದು ಕೂತುಬಿಡುತ್ತದೆ.

ಒಮ್ಮೆ ಕಾಕಾನಿಗೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸುದ್ದಿ ಹೇಳಿದ್ದೆ. ಅದೂ ಏರ್‌ಕೂಲ್, ಎಂಜಿನ್ ಹಿಂದೆ. ಡೈನಮೋ ತಿರುಗಿಸುವ ಬೆಲ್ಟೇ ಫ್ಯಾನನ್ನೂ ತಿರುಗಿಸುತ್ತದೆ. ಹರಿದರೆ ಡ್ರೈವರನ ಮುಂದೆ ಕೆಂಪು ದೀಪ ಹತ್ತುತ್ತದೆ, ಕೂಡಲೇ ನಿಲ್ಲಿಸಬೇಕು. ಬೆಲ್ಟು ಬಿಗಿ ಮಾಡುವ ರೀತಿಯೂ ವಿಚಿತ್ರ: ಪುಲ್ಲಿಯ ಎರಡು ಹೋಳುಗಳ ನಡುವೆ ತೆಳ್ಳನೆಯ ವಾಷರುಗಳಿರುತ್ತವೆ, ಒಂದು ತೆಗೆದರೆ ಹೋಳುಗಳು ಹತ್ತಿರ ಬಂದು ಬೆಲ್ಟು ಮೇಲೇರಿ ಬಿಗಿಯಾಗುತ್ತದೆ. ಕಾಕಾ ವಾಷರಿನ ಮಾತು ಮೆಚ್ಚಿದ. ದೀಪದ ಮಾತು ಮೆಚ್ಚಲಿಲ್ಲ.

“ನಮ್ ಐಷರ್‌ಗೆ ದೀಪ ಯಾಕ್ ಬೇಕೋ? ನಾ ಇಲ್ಲೇನ್?”

ಖರೇ ಮಾತು. ಹೋದ ಜನವರಿಯಲ್ಲಿ ಕಬ್ಬಿನ ಟ್ರಾಲಿ ಎಳೆಯುತ್ತಿದ್ದಾಗ ಬೆಲ್ಟು ಹರಿದದ್ದು ನನಗೆ ಗೊತ್ತೇ ಆಗಲಿಲ್ಲ. ದೂರದ ಕಟ್ಟೆಯಿಂದ ಕಾಕಾ ಟವೆಲ್ ಬೀಸಿ ನಿಲ್ಲಿಸಿದ.

ಈಗ ಅಳತೆ. ಬೆಲ್ಟಿನ ಬೆನ್ನ ಮೇಲೆ ನಂಬರ್ ಅಚ್ಚು ಹಾಕಿರುತ್ತಾರೆ, ಆದರೆ ಹರಿಯುವ ಹೊತ್ತಿಗೆ ಅದು ಕಾದು ಸವೆದು ಹೋಗಿರುತ್ತದೆ. ಕಂಪನಿಯ ಪುಸ್ತಕ ನೋಡೋಣವೆಂದರೆ ನಮ್ಮ ಎಂಜಿನ್ನಿನ ಮೂಲ ಪುಲ್ಲಿ ಅಪ್ಪನ ಕಾಲಕ್ಕೇ ಒಡೆದು, ಈಗಿರುವುದು ಸೊಲ್ಲಾಪುರದ ಲೇಥಿನಲ್ಲಿ ತಿರುವಿಸಿದ್ದು. ಪುಸ್ತಕದ ನಂಬರು ಇದಕ್ಕೆ ದಕ್ಕುವುದಿಲ್ಲ. ಹಳೇ ಎಂಜಿನ್ನುಗಳ ಹಣೆಬರಹವೇ ಇಷ್ಟು, ಹಾಗಾಗಿಯೇ ಕಾಕಾನಂಥವರಿಗೆ ಬೆಲೆ.

ಮೊದಲು ಅಗಲ. ಟೇಪ್ ಅವನಿಗೆ ಅವಮಾನ. ಹೆಬ್ಬೆರಳ ಉಗುರಿನಷ್ಟಿದ್ದರೆ ಎ, ಉಗುರು ದಾಟಿದರೆ ಬಿ. ತಪ್ಪೇನಲ್ಲ: ಎ ಬೆಲ್ಟಿನ ಬೆನ್ನು 13 ಮಿಲಿಮೀಟರ್, ಬಿ 17. ಆಮೇಲೆ ಉದ್ದ. ಹರಿದ ಬೆಲ್ಟನ್ನೇ ತಿರುಗಿ ಪುಲ್ಲಿಗಳ ಮೇಲೆ ಕೂಡಿಸಿ, ಎರಡು ತುದಿ ಒತ್ತಿ ಹಿಡಿಯಲು ನನಗೆ ಹೇಳಿದ. ಎಂಜಿನ್ ಇನ್ನೂ ಕಾದ ಹಂಚಿನಂತಿತ್ತು. “ಕೈ ಸುಡ್ಲಕತ್ತದ ಕಾಕಾ” ಅಂದೆ. “ಸುಡ್ತದ, ಏರ್‌ಕೂಲ್ ಅದ” ಅಂದ. ಸೊಂಟದ ಉಡದಾರಕ್ಕೆ ಸಿಕ್ಕಿಸಿದ್ದ ದಾರ ತೆಗೆದು ಬೆಲ್ಟಿನ ಬೆನ್ನ ಮೇಲೆ ಸುತ್ತಿ, ಗಂಟು ಹಾಕಿ, ಗಂಟನ್ನು ಹಲ್ಲಲ್ಲಿ ಕಚ್ಚಿ, ಬಿಚ್ಚಿ ನೇರ ಮಾಡಿ ಮೊಳ ಹಾಕಿದ. ಎರಡು ಮೊಳ, ಒಂದು ಗೇಣು. ಅವನ ಗೇಣು ಒಂಬತ್ತು ಇಂಚು. ಕಾಕಿಯ ಜಂಪರ್ ಹೊಲಿಯುವ ಟೇಪಿನಿಂದ ನಾನೇ ಒಮ್ಮೆ ಕದ್ದು ಅಳೆದಿದ್ದೇನೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಬರೋಬ್ಬರಿ ನಲವತ್ತೈದು. ಎ ನಲವತ್ತೈದು ತೊಗೊಂಡ್ ಬಾ, ಹೋಗು.”

ಆಳಂದದ ಅಂಗಡಿಯಲ್ಲಿ ಚೀಟಿ ಕೊಟ್ಟೆ. ಸಾವ್ಕಾರ ಚೀಟಿ ನೋಡಿದ, ನನ್ನ ಮುಖ ನೋಡಿದ, ಒಳಗೆ ಹೋಗಿ ಒಂದು ಬೆಲ್ಟು ತಂದ. ಅದರ ಬೆನ್ನ ಮೇಲೆ 43 ಎಂದಿತ್ತು.

“ಇದು ನಲವತ್ಮೂರು ಅದಲ್ರಿ?”

“ಭೂಸನೂರದವರು ಅಲ್ರಿ ನೀವು?” ಸಾವ್ಕಾರ ದನಿ ಇಳಿಸಿದ. “ನಿಮ್ಮ ಕಾಕಾ ಹೊರಗ ಅಳೀತಾನ, ಕಂಪನಿಯವರು ಒಳಗ ಅಳೀತಾರ. ಇಪ್ಪತ್ತು ವರ್ಷ ಆಯ್ತು, ನಾ ಎರಡು ಕಳದು ಕೊಡ್ತೀನಿ. ಅವಂಗ ಹೇಳಬ್ಯಾಡ್ರಿ, ಮನಸಿಗಿ ಹಚ್ಕೊಂತಾನ.”

ತಂದು ಹಾಕಿದರೆ ಅಚ್ಚುಕಟ್ಟಾಗಿ ಕೂತಿತು. ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಿತು, ಹಾಗೇ ಬಗ್ಗಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗ್ ತಿನ್ನುತ್ತದೆ, ಸಡಿಲಾದರೆ ಜಾರಿ ಕಿರುಚುತ್ತದೆ. ಕಾಕಾ ಊರವರನ್ನು ಒಂದು ಸುತ್ತು ನೋಡಿದ. ಬೆನ್ನ ಮೇಲಿನ 43 ಅವನಿಗೆ ಕಾಣುವುದಿಲ್ಲ, ಚಾಳೀಸಿನ ಕನ್ನಡಕ ಹಾಕಿದರೆ ವಯಸ್ಸಾಯಿತೆಂದು ಜನ ತಿಳಿದುಕೊಂಡಾರೆಂಬ ಅಂಜಿಕೆ.

ನನಗೆ ಮಾತ್ರ ಆ ‘ಎರಡು’ ಹಲ್ಲಿಗೆ ಸಿಕ್ಕ ಕಬ್ಬಿನ ಸಿಬಿರಿನಂತೆ ಕಾಡಿತು. ಚಿಕ್ಕ ಬೆಲ್ಟಿಗೂ ಎರಡು, ದೊಡ್ಡದಕ್ಕೂ ಎರಡು ಕಳೆದರೆ ಹೇಗೆ ಸರಿಹೋಗುತ್ತದೆ? ರಾತ್ರಿ ಕಾಗದ ಹಿಡಿದು ಕೂತೆ. ಎ ಬೆಲ್ಟಿನ ದಪ್ಪ 8 ಮಿಲಿಮೀಟರ್. ಒಳಸುತ್ತಿಗೂ ಹೊರಸುತ್ತಿಗೂ ಇರುವ ಅಂತರ ಆ ದಪ್ಪದ ಆರೂಕಾಲು ಪಟ್ಟು, ಅಂದರೆ 50 ಮಿಲಿಮೀಟರ್, ಎರಡೇ ಇಂಚು. ಉದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ವಿಜಯಪುರದ ಗೋಳಗುಮ್ಮಟದ ಗುಮ್ಮಟಕ್ಕೇ ಎ ಬೆಲ್ಟು ಸುತ್ತಿದರೂ ಒಳಗೂ ಹೊರಗೂ ಎರಡೇ ಇಂಚಿನ ಫರಕು! ಬಿ ಬೆಲ್ಟು 11 ಮಿಲಿಮೀಟರ್ ದಪ್ಪ, ಹಾಗಾಗಿ ಮುಕ್ಕಾಲು ಇಂಚು ಹೆಚ್ಚು. ಗಿರಣಿಯವರ ಚೀಟಿಗೆ ಸಾವ್ಕಾರ ಮೂರು ಕಳೆಯುತ್ತಾನೆ. ಪಾಪ ಕಾಕಾನ ಗೇಣು ಸರಿ, ದಾರ ಸರಿ, ಲೆಕ್ಕವೂ ಸರಿ. ಅಳೆದ ಮಗ್ಗುಲು ಮಾತ್ರ ತಪ್ಪು.

ಮಳೆಗಾಲದ ಹೊತ್ತಿಗೆ ಸಾವ್ಕಾರನಿಗೆ ಮಂಡಿನೋವು ಹೆಚ್ಚಾಗಿ ಗಲ್ಲೆಗೆ ಮಗ ಬಂದು ಕೂತ. ಒಳ್ಳೆಯ ಹುಡುಗ. ನಲವತ್ತೈದು ಕೇಳಿದರೆ ನಲವತ್ತೈದೇ ಕೊಡುವಷ್ಟು ಒಳ್ಳೆಯವನು. ಒಂದು ತಿಂಗಳಲ್ಲಿ ಭೂಸನೂರಿನ ಮೂರು ಎಂಜಿನ್ನುಗಳ ಬೆಲ್ಟು ಸಡಿಲ ಲಾಡಿಯ ಹಾಗೆ ಜೋತವು. ಜನ ಕಾಕಾನ ಕಡೆ ನೋಡಿದರು. ಕಾಕಾ ಹೊಸ ಬೆಲ್ಟನ್ನು ಎಳೆದು, ಮೂಸಿ, ತೀರ್ಪು ಕೊಟ್ಟ.

“ರಬ್ಬರ್ ಅಗ್ಗ ಆಗ್ಯದ ಕಾಣಸ್ತದ. ಎರಡಿಂಚು ಪುಕ್ಕಟ ಹೆಚ್ಚಿಗಿ ಹಾಕ್ಲಕತ್ತಾರ.”

ಮರುದಿನ ನಾನೇ ಹೋಗಿ ಹುಡುಗನಿಗೆ ಅವನಪ್ಪನ ಲೆಕ್ಕ ತಿಳಿಸಿಬಂದೆ. ಮರೆಯದಿರಲೆಂದು ಅವನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ‘ಭೂಸನೂರ, 2 ಕಡಿಮೆ’ ಎಂದು ಬರೆದು ಗಲ್ಲೆಯ ಮುಂದಿನ ಗೋಡೆಗೆ ಅಂಟಿಸಿದ. ಅಕ್ಷರ ಕಾಕಾನಿಗೂ ಕಾಣುವಷ್ಟು ದೊಡ್ಡದು. ಮುಂದಿನ ಸಲ ಖುದ್ದು ಕಾಕಾನೇ ಬೆಲ್ಟು ತರಲು ಹೋದವನು ಅದನ್ನು ಓದಿ, ಬಿಲ್ಲಿನ ಮೇಲೆ ಬೆರಳಿಟ್ಟು, ಎರಡು ರೂಪಾಯಿ ಬಿಡು ಎಂದು ಪಟ್ಟುಹಿಡಿದನಂತೆ. ನಮ್ಮೂರಿನ ಮರ್ಯಾದೆ ಆಳಂದದ ತನಕ ಮುಟ್ಟಿದೆ ಎಂದು ಕಟ್ಟೆಯ ಮೇಲೆ ಒಂದು ವಾರ ಹೇಳಿದ.

ಹುಡುಗ ಈಗ ಅಳತೆಯಲ್ಲೂ ಎರಡು ಕಳೆಯುತ್ತಾನೆ, ಬಿಲ್ಲಿನಲ್ಲೂ ಎರಡು.