ಧೂಮಕ್ಷೇತ್ರ ಪ್ರದಕ್ಷಿಣೆ: ಒಂದು ಸಂಶೋಧನಾ ಪ್ರಬಂಧ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕು ಎಂದು ನಮ್ಮ ತರ್ಕಶಾಸ್ತ್ರ ಹೇಳುತ್ತದೆ. ನೈಯಾಯಿಕರು ತಲೆಮಾರುಗಳಿಂದ ಅದೊಂದೇ ಬೆಟ್ಟವನ್ನು ತೋರಿಸಿ ಶಿಷ್ಯರ ನಿದ್ದೆ ಕೆಡಿಸುತ್ತ ಬಂದಿದ್ದಾರೆ. ಆದರೆ ಬೆಟ್ಟವೇ ಇಲ್ಲದ, ಸಮುದ್ರಕ್ಕೆ ಒಡ್ಡು ಕಟ್ಟಿಕೊಂಡು ಬದುಕುವ ಒಂದು ಊರಿನಲ್ಲಿ ಹೊಗೆ ಎಲ್ಲರಿಗೂ ಕಂಡು, ಬೆಂಕಿ ಮಾತ್ರ ಪೊಲೀಸರಿಗೆ ಕಾಣದೆ ಹೋದರೆ ಅನುಮಾನಪ್ರಮಾಣದ ಗತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕಿ ಪ್ರಸ್ತುತ ಲೇಖಕನು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಎರಡೂವರೆ ಗಂಟೆ ಕ್ಷೇತ್ರಕಾರ್ಯ ಮಾಡಿದನು. ಸಂಶೋಧನಾ ವೇತನ ಕೊಟ್ಟವನು ಮಗ.

ಮಗ ಇರುವುದು ಪಕ್ಕದ ಆಮ್‌ಸ್ಟೆಲ್‌ಫೇನ್‌ನಲ್ಲಿ. ಅಲ್ಲಿ ನಮ್ಮವರು ಎಷ್ಟಿದ್ದಾರೆಂದರೆ ಕರಿಬೇವಿಗೆ ತಾಪತ್ರಯವಿಲ್ಲ. ಹದಿನೈದು ದಿನ ವಸ್ತುಸಂಗ್ರಹಾಲಯಗಳನ್ನು ನೋಡಿ ಮಂಕಾಗಿದ್ದ ಅಪ್ಪನಿಗೆ ಅವನು ‘ನಗರದ ಗಾಂಜಾ ಸಂಸ್ಕೃತಿ: ಖಾಸಗಿ ಕಾಲ್ನಡಿಗೆ ಸುತ್ತು’ ಎಂಬುದನ್ನು ಬುಕ್ ಮಾಡಿದ. “ಮಾವ, ನೋಡ್ಕೊಂಡು ಬನ್ನಿ, ಪರ್ವಾಗಿಲ್ಲ. ಕೇಕು ಗೀಕು ಕೊಟ್ರೆ ಮಾತ್ರ ಬಾಯಿಗೆ ಹಾಕ್ಬೇಡಿ” ಎಂದಳು ಸೊಸೆ. ಲೇಖಕನ ಧರ್ಮಪತ್ನಿಗೆ ಮಾತ್ರ ಈ ಸುತ್ತು ವಾಸ್ತುಶಿಲ್ಪಕ್ಕೆ ಸಂಬಂಧಿಸಿದ್ದು ಎಂದು ತಿಳಿಸಲಾಗಿತ್ತು. ಇದು ಪೂರ್ತಿ ಸುಳ್ಳಲ್ಲವೆಂಬುದು ಮುಂದೆ ಬಾಗಿಲುಗಳ ಚರ್ಚೆಯಲ್ಲಿ ಸಿದ್ಧವಾಗುತ್ತದೆ.

‘ಖಾಸಗಿ’ ಎಂಬ ವಿಶೇಷಣದ ಬಗ್ಗೆ ಒಂದು ಮಾತು. ಆ ಊರಿನ ನಡುಭಾಗದಲ್ಲಿ ಪ್ರವಾಸಿಗರ ಹಿಂಡು ಹದಿನೈದು ತಲೆ ಮೀರಬಾರದು. ಕೆಂಪು ದೀಪದ ಕಿಟಕಿಗಳ ಮುಂದೆ ಜನರನ್ನು ಸಾಲುಗಟ್ಟಿಸಿ ಕರೆದೊಯ್ಯುವುದನ್ನು 2020ರಿಂದ ನಿಲ್ಲಿಸಿದ್ದಾರೆ. ನಮ್ಮದೋ ಒಬ್ಬ ಗುರು, ಒಬ್ಬನೇ ಶಿಷ್ಯ. ಗುರುವಿನ ಹತ್ತಿರ ಕೂತು ಕಲಿತದ್ದು ಉಪನಿಷತ್ತಾದರೆ ಹತ್ತಿರ ನಡೆಯುತ್ತ ಕಲಿತದ್ದನ್ನು ‘ಉಪನಡೆತ್ತು’ ಎನ್ನಬೇಕಾಗುತ್ತದೆ. ಗುರುವಿಗೆ ಮೂವತ್ತರ ಆಸುಪಾಸು. ತಲೆಯಲ್ಲಿ ಜಡೆ, ಕಾಲಲ್ಲಿ ಹರಿದ ಶೂ, ಕೈಯಲ್ಲಿ ನೀರಿನ ಬಾಟಲಿ. ಕಮಂಡಲುವಿನ ಆಧುನಿಕ ರೂಪವೆಂದು ಬಾಟಲಿಯನ್ನು ಟಿಪ್ಪಣಿಯಲ್ಲಿ ಗುರುತಿಸಿಕೊಂಡೆ.

ಮೊದಲು ಪದವಿಚಾರ. ಈ ಊರಿನಲ್ಲಿ ‘ಕೊಫಿಹೌಸ್’ ಎಂಬಲ್ಲಿ ಕಾಫಿ ಸಿಗುತ್ತದೆ, ‘ಕಫೆ’ ಎಂಬಲ್ಲಿ ಬಿಯರ್ ಸಿಗುತ್ತದೆ, ‘ಕಾಫಿಶಾಪ್’ ಎಂಬಲ್ಲಿ ಗಾಂಜಾ ಸಿಗುತ್ತದೆ. ಕಾಫಿಶಾಪಿನಲ್ಲಿ ಕಾಫಿಯೂ ಉಂಟು, ಮದ್ಯ ಮಾತ್ರ ಕೂಡದು. ಬೇರೆ ದೇಶದ ವಿದ್ವಾಂಸರು ಇದರಿಂದ ಗಲಿಬಿಲಿಗೊಳ್ಳಬಹುದು. ಮಿಲಿಟರಿ ಹೋಟೆಲಿಗೆ ಹೋಗಿ ಸೈನಿಕರನ್ನು ಹುಡುಕದ ಕನ್ನಡಿಗನಿಗೆ ಇದೇನು ಮಹಾ!

ಇನ್ನು ಸ್ಥಳಪುರಾಣ. ಸ್ಪೌ ಎಂಬ ಪುಟ್ಟ ಚೌಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಪೋರನೊಬ್ಬನ ಕಂಚಿನ ಪ್ರತಿಮೆಯಿದೆ. 1960ರಲ್ಲಿ ಅದನ್ನು ಊರಿಗೆ ದಾನ ಕೊಟ್ಟದ್ದು ಒಂದು ಸಿಗರೇಟು ಕಂಪನಿ. 1964ರಲ್ಲಿ ರಾಬರ್ಟ್ ಯಾಸ್ಪರ್ ಖ್ರೋಟ್‌ಫೆಲ್ಡ್ ಎಂಬಾತ ಅದೇ ಪ್ರತಿಮೆಯನ್ನು ತಂಬಾಕುದೇವತೆಯ ಮೂರ್ತಿಯೆಂದು ಭಾವಿಸಿ, ಶನಿವಾರದ ಮಧ್ಯರಾತ್ರಿ ಅದರ ಸುತ್ತ ಕುಣಿದು, ಧೂಮಪಾನದ ವಿರುದ್ಧ ಪೂಜೆ ಶುರು ಮಾಡಿದ. ಸ್ವತಃ ಸಿಗರೇಟು ಬಿಡದವನು. ಅವನ ಸುತ್ತ ಸೇರಿದ ಹುಡುಗರಿಂದ ಮರುವರ್ಷ ‘ಪ್ರೊವೊ’ ಚಳವಳಿ ಎದ್ದಿತು, ಪೊಲೀಸರಿಗೆ ತಲೆನೋವಾಯಿತು, 1967ಕ್ಕೆ ತಾನಾಗಿಯೇ ಮುಗಿಯಿತು. ತಂಬಾಕಿನ ದುಡ್ಡಿನ ಪ್ರತಿಮೆ, ತಂಬಾಕು ಬಿಡದವನ ತಂಬಾಕು ವಿರೋಧ, ಅದರ ಪ್ರಸಾದವಾಗಿ ಗಾಂಜಾ ಸಂಸ್ಕೃತಿ: ಯಾವ ಕ್ಷೇತ್ರಮಹಾತ್ಮೆಯಲ್ಲೂ ಇಷ್ಟು ಅಚ್ಚುಕಟ್ಟಾದ ಶಾಪ–ವಿಮೋಚನೆಯ ಕತೆ ನನಗೆ ಸಿಕ್ಕಿಲ್ಲ.

ಆದಿಪೀಠ ಯಾವುದೆಂಬುದಕ್ಕೆ ‘ಮೆಲೋ ಯೆಲೋ’ ಎಂಬ ಅಂಗಡಿಯ ಹೆಸರು ಹೇಳುತ್ತಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ವೆರ್ನಾರ್ಡ್ ಬ್ರೌನಿಂಗ್ ಮತ್ತು ಗೆಳೆಯರು ತೆರೆದದ್ದು. ಒಮ್ಮೆ ಬೆಂಕಿಗೆ ಸಿಕ್ಕಿತು, ಬೇರೆ ಕಡೆ ಮತ್ತೆ ತೆರೆಯಿತು. ಬೆಂಕಿಗೂ ಜಗ್ಗದ ಪೀಠ 2017ರ ಜನವರಿ 1ರಂದು ಕೊನೆಗೂ ಮುಚ್ಚಿತು. ಶಾಲೆಯಿಂದ 250 ಮೀಟರ್ ಒಳಗೆ ಕಾಫಿಶಾಪ್ ಇರಬಾರದೆಂಬ ನಿಯಮ ಬಂದಾಗ ಅಳತೆಯ ಪಟ್ಟಿ ಹಿಡಿದವರಿಗೆ ಹತ್ತಿರದಲ್ಲೇ ಒಂದು ಶಾಲೆ ಸಿಕ್ಕಿತು. ತಲೆಗೂದಲು ಕತ್ತರಿಸುವುದನ್ನು ಕಲಿಸುವ ಶಾಲೆ. “ಆ ಮಕ್ಕಳ ಏಕಾಗ್ರತೆಯೂ ಮುಖ್ಯ ಅಲ್ಲವೆ, ಕೈಯಲ್ಲಿ ಕತ್ತರಿ ಇರುತ್ತೆ” ಎಂದರು ಗುರುಗಳು. ತಮ್ಮ ಜಡೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಲೈಡ್ಸೆಪ್ಲೈನ್ ಚೌಕದಲ್ಲಿ ‘ಬುಲ್‌ಡಾಗ್’ ಎಂಬ ಹೆಸರಾಂತ ಕಾಫಿಶಾಪಿನ ಶಾಖೆಯಿದೆ. ಆ ಕಟ್ಟಡ ಹಿಂದೆ ಪೊಲೀಸ್ ಠಾಣೆಯಾಗಿತ್ತು. ಹಳೆಯ ಜೈನ ಬಸದಿ ಶಿವಾಲಯವಾದ ಪ್ರಕರಣಗಳನ್ನು ಓದಿದವರಿಗೆ ಇಂಥ ಕ್ಷೇತ್ರಾಂತರ ಹೊಸದಲ್ಲ. ಆದರೆ ಅಲ್ಲಿ ಹಳೆಯ ಭಕ್ತರು ಹೊಸ ದೇವರನ್ನು ಕಂಡೂ ಕಾಣದಂತೆ ಇರಲು ಸುತ್ತೋಲೆ ಹೊರಡಿಸಿದ್ದಿಲ್ಲ. ಇಲ್ಲಿ ಅದೂ ಆಗಿದೆ. ಡಚ್ ಭಾಷೆಯಲ್ಲಿ ಅದರ ಹೆಸರು ‘ಖೆದೋಖೆನ್’. ಎರಡು ಸಲ ಗಂಟಲು ಕೆರೆದರೆ ಪದ ತಾನಾಗಿ ಬರುತ್ತದೆ. ವಸ್ತು ನಿಷಿದ್ಧವೇ, ಆದರೆ ಹಿಡಿಯುವುದಿಲ್ಲ ಎಂದು ಸರ್ಕಾರವೇ ಲಿಖಿತವಾಗಿ ಹೇಳುವ ಸ್ಥಿತಿಗೆ ಖೆದೋಖೆನ್ ಎನ್ನುತ್ತಾರೆ. 1976ರಲ್ಲಿ ಅವರ ಅಫೀಮು ಕಾಯಿದೆಯನ್ನು ತಿದ್ದಿ ಮಾದಕಗಳನ್ನು ಗಟ್ಟಿ, ಮೆದು ಎಂದು ಎರಡು ಪಟ್ಟಿ ಮಾಡಿದರು. ಹೆರಾಯಿನ್ ಮಾರುವವನ ಕೈಗೆ ಗಾಂಜಾದ ಹುಡುಗ ಸಿಗದಿರಲಿ, ಎರಡೂ ಸಂತೆ ಬೇರೆಬೇರೆ ನಡೆಯಲಿ ಎಂಬುದು ಲೆಕ್ಕಾಚಾರ. ಐದು ಗ್ರಾಂವರೆಗೆ ಇಟ್ಟುಕೊಂಡವನನ್ನು ಕೋರ್ಟಿಗೆ ಎಳೆಯುವುದಿಲ್ಲ. ಹದಿನೆಂಟು ತುಂಬದವರು ಒಳಗೆ ಬರಕೂಡದು, ನೆರೆಹೊರೆಗೆ ಕಿರಿಕಿರಿ ಆಗಕೂಡದು, ಜಾಹೀರಾತು ಕೂಡದು.

ಈಗ ನೇರ ಪ್ರತ್ಯಕ್ಷಪ್ರಮಾಣಕ್ಕೆ ಬರುತ್ತೇನೆ. ಗುರುಗಳು ಒಂದು ಓಣಿಯ ಅಂಗಡಿಗೆ ಕರೆದೊಯ್ದರು. ಹೆಸರು ಬೇಡ. ಬಾಗಿಲಲ್ಲೇ ಒಬ್ಬ ದಢೂತಿ ಆಸಾಮಿ ನನ್ನ ಪಾಸ್‌ಪೋರ್ಟ್ ಕೇಳಿದ. ಹದಿನೆಂಟು ತುಂಬಿದೆಯೆ ಎಂದು ನೋಡಬೇಕಂತೆ. ನರೆತ ಮೀಸೆಯ ಮೇಲೆ ಯಾರಾದರೂ ಇಂಥ ಅನುಮಾನ ಪಟ್ಟು ನಲವತ್ತೇಳು ವರ್ಷವಾಗಿತ್ತು; ಸಂತೋಷದಿಂದ ತೋರಿಸಿದೆ. ಒಳಗೆ ಮಂದ ಬೆಳಕು. ಕೌಂಟರಿನ ಮೇಲೆ ಅಕ್ಕಸಾಲಿಗರ ಅಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ. ಅದರ ಮೇಲೆ ಹುಡುಗಿಯೊಬ್ಬಳು ಚಿಮಟದಿಂದ ಹಸಿರು ಮೊಗ್ಗೊಂದನ್ನು ಇಟ್ಟಳು, ತೆಗೆದಳು, ಅದಕ್ಕಿಂತ ಚಿಕ್ಕದೊಂದನ್ನು ಇಟ್ಟಳು. ಅಂಕಿ ಹೊಂದಿದ ಮೇಲೆ ಪುಡಿಕೆ ಕಟ್ಟಿದಳು. ನಮ್ಮ ಗಂಧದೆಣ್ಣೆ ಮಾರುವವರಲ್ಲೂ ಈಗ ಇಷ್ಟು ನಿಷ್ಠೆ ಉಳಿದಿಲ್ಲ.

ದರಪಟ್ಟಿ ಎಲ್ಲೂ ಕಾಣಲಿಲ್ಲ. ಕೇಳಿದಾಗ ಹುಡುಗಿ ಗೋಡೆಯ ಗುಂಡಿಯೊಂದನ್ನು ತೋರಿಸಿದಳು. ಒತ್ತಿದರೆ ಪಟ್ಟಿಯ ಹಿಂದೆ ದೀಪ ಹತ್ತುತ್ತದೆ, ಕೈ ಬಿಟ್ಟರೆ ಆರುತ್ತದೆ. ತಾನಾಗಿ ಬೆಳಗಿದರೆ ಅದು ಜಾಹೀರಾತು. ಗಿರಾಕಿ ತಾನೇ ಒತ್ತಿ ನೋಡಿದರೆ ಜ್ಞಾನಾರ್ಜನೆ. ನಾನು ಎಂಟು ಸಲ ಜ್ಞಾನಾರ್ಜನೆ ಮಾಡಿದೆ. ನೇಪಾಳ, ಅಫ್ಘಾನ್, ಮೊರಾಕೊ ಎಂದು ದೇಶಗಳ ಹೆಸರು ಸಾಲಾಗಿದ್ದವು, ಶಾಲೆಯ ಭೂಪಟದಂತೆ.

ಪಕ್ಕದ ಮೇಜಿನ ಯುವಕನೊಬ್ಬ ಚಿಲುಮೆಗೆ ಬದಲು ಕಾಗದದ ಶಂಕು ಸುತ್ತುತ್ತಿದ್ದ. ಅದಕ್ಕೆ ತಂಬಾಕು ಬೆರೆಸುವಂತಿಲ್ಲ. 2008ರ ಜುಲೈಯಲ್ಲಿ ಹೋಟೆಲುಗಳಲ್ಲಿ ತಂಬಾಕು ನಿಷೇಧಿಸಿದಾಗ ಕಾಫಿಶಾಪುಗಳಿಗೂ ಅದು ಅನ್ವಯವಾಯಿತು. ಹೀಗಾಗಿ ಬರೀ ಗಾಂಜಾ ಸೇದಬಹುದು. ಚಿಟಿಕೆ ತಂಬಾಕು ಬಿದ್ದರೆ ತಪ್ಪು. ಕಾನೂನು ಒಪ್ಪಿದ ತಂಬಾಕು ಇಲ್ಲಿ ಮೈಲಿಗೆ, ಕಾನೂನು ಒಪ್ಪದ ಗಾಂಜಾ ಮಡಿ. ಮಡಿಯ ಈ ತತ್ತ್ವವನ್ನು ಇನ್ನೂ ವಿಸ್ತರಿಸುವ ಉದ್ದೇಶದಿಂದ ನಾನು ಆ ಹೊಗೆಯ ನಡುವೆಯೇ ಒಂದು ಕಪ್ಪು ಕಾಫಿ ತರಿಸಿ ಕೂತೆ. ಕಾಫಿ ಕೆಟ್ಟದಾಗಿತ್ತು.

(ಇಲ್ಲಿ ಗ್ರಂಥಪಾತ. ಟಿಪ್ಪಣಿಯಲ್ಲಿ ಇಪ್ಪತ್ತೈದು ನಿಮಿಷಕ್ಕೆ ಬರಹವಿಲ್ಲ. ಪುಟದ ನಡುವೆ ‘ಹಂಸ’ ಎಂಬ ಒಂದೇ ಪದ, ಅದರ ಕೆಳಗೆ ಮೂರು ಗೆರೆ. ಇದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಲು ಅಡ್ಡಿಯಿಲ್ಲ.)

ಮುಂದಿನ ಬರಹ ಕಾಲುವೆಯ ದಂಡೆಯಲ್ಲಿ ಶುರುವಾಗುತ್ತದೆ. ಲೈನ್‌ಬಾನ್ಸ್‌ಖ್ರಾಖ್ತ್ ಎಂದು ಆ ಕಾಲುವೆಯ ಹೆಸರು, ಹಗ್ಗ ಹೊಸೆಯುವ ಓಣಿಯ ಕಾಲುವೆ ಎಂದರ್ಥ. ಡಚ್ ಹಡಗುಗಳ ಹಗ್ಗ, ಹಾಯಿ ಎಲ್ಲ ಇದೇ ಸಸ್ಯಕುಲದ ನಾರಿನಿಂದ. ಆ ನಾರಿನ ಹಾಯಿ ಕಟ್ಟಿಕೊಂಡು ಬಂದವರೇ ನಮ್ಮ ಬಸರೂರಿನಲ್ಲಿ ಅಕ್ಕಿ, ಮೆಣಸು ಕೊಂಡರು, ಕೊಚ್ಚಿಯಲ್ಲಿ ಕೋಟೆ ಹಿಡಿದರು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೇಡೆ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ನ ಹನ್ನೆರಡು ಸಂಪುಟಗಳು 1678ರಿಂದ 1693ರವರೆಗೆ ಅಚ್ಚಾದದ್ದು ಇದೇ ಆಮ್‌ಸ್ಟರ್‌ಡ್ಯಾಮಿನಲ್ಲಿ. ಅದರಲ್ಲಿ ಗಾಂಜಾ ಗಿಡದ ಚಿತ್ರವಿದೆ, ‘ಕಂಜಾವ’ ಎಂಬ ಮಲಯಾಳದ ಹೆಸರಿನ ಸಮೇತ. ಗ್ರಂಥಕ್ಕೆ ನೆರವಾದವರು ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಮಾತಿನ ರಂಗ ಭಟ್ಟ, ಅಪ್ಪು ಭಟ್ಟ, ವಿನಾಯಕ ಪಂಡಿತ. ಆದುದರಿಂದ ಈ ಕ್ಷೇತ್ರದ ಆದ್ಯಗುರುಗಳು ನಮ್ಮ ಕಡಲತೀರದವರು ಎಂದು ನಾನು ವಾದಿಸಿದೆ. ಗುರುಗಳು “ಓಹ್” ಎಂದರು. ಅದನ್ನು ಅಂಗೀಕಾರವೆಂದು ದಾಖಲಿಸಿಕೊಂಡಿದ್ದೇನೆ.

ಈಗ ಪ್ರಬಂಧದ ಹೃದಯಭಾಗ, ಅಂದರೆ ಹಿಂಬಾಗಿಲು. ಅಂಗಡಿಯಲ್ಲಿ 500 ಗ್ರಾಂಗಿಂತ ಹೆಚ್ಚು ದಾಸ್ತಾನು ಇರಬಾರದು. ಸಂಜೆಯ ನೂಕುನುಗ್ಗಲಿಗೆ ಅರ್ಧ ಕೆ.ಜಿ. ಯಾವ ಮೂಲೆಗೆ? ಖಾಲಿಯಾದಾಗ ಮತ್ತೆ ತರುವವರು ಯಾರು, ಎಲ್ಲಿಂದ? ಮುಂಬಾಗಿಲಲ್ಲಿ ಮಾರುವುದನ್ನು ಸರ್ಕಾರ ಸಹಿಸುತ್ತದೆ. ಅದೇ ಸರಕು ಹಿಂಬಾಗಿಲಿಂದ ಒಳಗೆ ಬರುವುದು ಅಪರಾಧ. ಸರಕು ಹೊಸ್ತಿಲು ದಾಟುವಾಗ ಕಳ್ಳಮಾಲು, ಕೌಂಟರು ತಲುಪಿದಾಗ ಸಹ್ಯವಸ್ತು. ಶುದ್ಧೀಕರಣ ನಡುಮನೆಯಲ್ಲಿ ಎಲ್ಲಿ ಆಗುತ್ತದೆ ಎಂದು ಕೇಳಿದ್ದಕ್ಕೆ ಗುರುಗಳು ಮೊದಲ ಬಾರಿಗೆ ಮೌನವಹಿಸಿದರು. ಇದನ್ನು ಸರಿಪಡಿಸಲು ಬ್ರೇಡಾ, ಟಿಲ್‌ಬರ್ಖ್ ಮುಂತಾದ ಹತ್ತು ಊರುಗಳಲ್ಲಿ ಪರವಾನಗಿ ಪಡೆದ ಬೆಳೆಗಾರರಿಂದಲೇ ಕೊಳ್ಳುವ ಪ್ರಯೋಗ 2023ರ ಕೊನೆಯಿಂದ ನಡೆದಿದೆ. ಆಮ್‌ಸ್ಟರ್‌ಡ್ಯಾಮ್ ಆ ಪಟ್ಟಿಯಲ್ಲಿಲ್ಲ. ಪರಂಪರೆಯ ಊರು, ಅಷ್ಟು ಸುಲಭಕ್ಕೆ ಬಾಗಿಲು ಬದಲಿಸೀತೆ?

ತೆರಿಗೆಶಾಸ್ತ್ರ ಇನ್ನೂ ಸೂಕ್ಷ್ಮ. ನಿಷಿದ್ಧ ವಸ್ತುವಿಗೆ ವ್ಯಾಟ್ ಹಾಕಲಾಗದು ಎಂದು ಐರೋಪ್ಯ ನ್ಯಾಯಾಲಯ 1988ರಲ್ಲಿ ತೀರ್ಪಿತ್ತಿತು. ಬಳಿಕ ಆಮ್‌ಸ್ಟರ್‌ಡ್ಯಾಮಿನ ‘ಸೈಬೀರಿಯಾ’ ಎಂಬ ಕಾಫಿಶಾಪು ಗಾಂಜಾ ಮಾರುವವನಿಗೆ ಒಂದು ಮೇಜನ್ನು ಬಾಡಿಗೆಗೆ ಕೊಟ್ಟಿತ್ತು. ಆ ಬಾಡಿಗೆಗೆ ವ್ಯಾಟ್ ಉಂಟೋ ಇಲ್ಲವೋ ಎಂಬ ವ್ಯಾಜ್ಯ ಅದೇ ನ್ಯಾಯಾಲಯಕ್ಕೆ ಹೋಯಿತು. 1999ರ ತೀರ್ಪು: ಉಂಟು. ಮೇಜಿನ ಮೇಲಿನ ಗಾಂಜಾಕ್ಕೆ ತೆರಿಗೆಯಿಲ್ಲ, ಅದನ್ನು ಹೊತ್ತ ಮೇಜಿಗೆ ತೆರಿಗೆಯುಂಟು. ವ್ಯಾಸಪೀಠವೆಂಬ ಸಂಸ್ಥೆಯನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬೇಕೆಂದು ಕಿರಿಯ ಸಂಶೋಧಕರಲ್ಲಿ ಸೂಚಿಸುತ್ತೇನೆ.

ಡಚ್ಚರನ್ನು ನೋಡಿ ನಗುವವರು ನಮ್ಮದನ್ನೂ ನೋಡಬೇಕು. 1893ರಲ್ಲಿ ಬ್ರಿಟಿಷರು ಈ ಗಿಡದ ವಿಚಾರಣೆಗೆ ಆಯೋಗ ನೇಮಿಸಿ, 1,193 ಸಾಕ್ಷಿಗಳನ್ನು ಕೇಳಿ, ಏಳು ಸಂಪುಟಗಳ ವರದಿ ಬರೆಸಿದರು. ಪೂರ್ತಿ ನಿಷೇಧ ಬೇಡ, ಕಡಿವಾಣ ಹಾಕಿ ತೆರಿಗೆ ವಸೂಲಿ ಮಾಡಿ ಎಂಬುದು ಅದರ ಸಾರ. ವರದಿ ಬಂದದ್ದು 1894ರಲ್ಲಿ. ಕಿಟ್ಟೆಲ್ಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದೂ 1894ರಲ್ಲಿ. ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. 1985ರ ನಮ್ಮ ಮಾದಕವಸ್ತು ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂಬಿಟ್ಟ ತುದಿ. ಅದು ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಅದೇ ಗಿಡದ ಹೂವಿಗೆ ಜೈಲು, ಎಲೆ ಅರೆದ ಭಂಗಿಗೆ ವಾರಾಣಸಿಯಲ್ಲಿ ಸರ್ಕಾರಿ ಪರವಾನಗಿಯ ಅಂಗಡಿ. 2022ರಲ್ಲಿ ನಮ್ಮ ಹೈಕೋರ್ಟೂ ಒಂದು ಜಾಮೀನು ಅರ್ಜಿಯಲ್ಲಿ ಭಂಗಿ ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿತು.

ಸಿದ್ಧಾಂತ ಇಷ್ಟೆ: ನಾವು ಗೆರೆ ಎಳೆದದ್ದು ಗಿಡದ ಮೇಲೆ, ಡಚ್ಚರು ಎಳೆದದ್ದು ಬಾಗಿಲ ಮೇಲೆ. ಎರಡಕ್ಕೂ ಮೂಲ ನಮ್ಮಜ್ಜಿಯ ಅಡುಗೆಮನೆ. ಏಕಾದಶಿಯ ದಿನ ಅನ್ನ ನಿಷಿದ್ಧ, ಉಪ್ಪಿಟ್ಟು ಫಲಾಹಾರ. ರವೆ ಯಾವ ಮರದ ಫಲ ಎಂದು ಮನೆಯಲ್ಲಿ ಯಾರೂ ಕೇಳಿದ್ದಿಲ್ಲ, ಕೇಳಿದ್ದರೆ ಆ ದಿನ ನಿಜವಾಗಿಯೂ ಉಪವಾಸ ಬೀಳಬೇಕಾಗಿತ್ತು.

ಸಂಜೆ ಮನೆ ತಲುಪಿದಾಗ ಬಾಗಿಲು ತೆರೆದದ್ದು ಧರ್ಮಪತ್ನಿ. ನನ್ನ ಶಾಲನ್ನು ಮೂಗಿಗೆ ಹಿಡಿದು, “ಏನ್ರೀ ಇದು, ಒಣ ಹುಲ್ಲು ಸುಟ್ಟ ಹಾಗೆ ವಾಸನೆ?” ಎಂದಳು. ಹೊಗೆಯಿಂದ ಬೆಂಕಿಯನ್ನು ಊಹಿಸುವ ಶಾಸ್ತ್ರ ಅಲ್ಲಿಗೆ ನಿಸ್ಸಂದೇಹವಾಗಿ ಸಿದ್ಧವಾಯಿತು. “ವಾಸ್ತುಶಿಲ್ಪ” ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಶಾಲನ್ನು ಬಾಲ್ಕನಿಯಲ್ಲಿ ಒಣಹಾಕಿ, “ಕೈಕಾಲು ತೊಳ್ಕೊಂಡು ಬನ್ನಿ, ಉಪ್ಪಿಟ್ಟು ಆರುತ್ತೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಖೆದೋಖೆನ್ ಪದಕ್ಕೆ ಕನ್ನಡದಲ್ಲಿ ಸೂಕ್ತ ಪಾರಿಭಾಷಿಕ ಹೊಳೆದ ಓದುಗರು ದಯವಿಟ್ಟು ಬರೆದು ತಿಳಿಸಬೇಕು. ‘ಅಡ್ಜಸ್ಟ್ ಮಾಡ್ಕೊಳ್ಳೋದು’ ಎಂಬುದನ್ನು ಸೊಸೆ ಈಗಾಗಲೇ ಸೂಚಿಸಿದ್ದಾಳೆ. ಅದು ಅಚ್ಚಗನ್ನಡವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.